ಒಂದು ದೋನುಮ್ ಇದ್ದಿಲು

ಮಲಾತ್ಯಾದಲ್ಲಿ ಜರದಾಳು ಊರು ಬಿಟ್ಟು ಹೋಗುತ್ತದೆ,
ಗೊರಟು ಉಳಿಯುತ್ತದೆ.
ಹಾಜೆರ್ ಅಜ್ಜಿ ಚಪ್ಪಟೆ ಕಲ್ಲಿನ ಮೇಲಿಟ್ಟು ಒಡೆಯುತ್ತಾಳೆ:
ಸಿಹಿ ತಿರುಳು ವ್ಯಾಪಾರಿಗೆ, ಕಹಿಯದು ಸಾಬೂನಿನವನಿಗೆ,
ಚಿಪ್ಪು ಒಲೆಗೆ.
ಯಾವುದೂ ದಂಡವಲ್ಲ ಅನ್ನುತ್ತಾಳೆ,
ಹೆಬ್ಬೆರಳ ಉಗುರೊಂದನ್ನು ಬಿಟ್ಟು.

ಸೆರ್ಪಿಲ್ ಬಂದು ಆ ಚಿಪ್ಪನ್ನೇ ಕೇಳಿದಳು, ಎರಡು ಗೋಣಿ.
"ಚಳಿಗಾಲಕ್ಕೆ ಏನು ಉರಿಸಲಿ, ನಿನ್ನ ಡಿಗ್ರಿಯನ್ನೇ?"
ಅಜ್ಜಿಯ ಬಾಯಿ ಹಾಗೆ. ಕೊಟ್ಟಳು, ಒಂದೂವರೆ ಗೋಣಿ.

ಮೊದಲ ಸಲ ಕೊಳವೆಯ ತುದಿಗೆ ಬಿರಡೆ ಸಡಿಲವಿತ್ತು,
ಒಂದೆಳೆ ಗಾಳಿ ನುಸುಳಿತು.
ಬೆಳಗ್ಗೆ ಕುಲುಮೆ ತೆರೆದರೆ ಪಿಂಗಾಣಿ ಬಟ್ಟಲಲ್ಲಿ
ಬಿಳಿ ಬೂದಿ. ಊದಿದರೆ ಅದೂ ಇಲ್ಲ.
ಅರ್ಧ ಗೋಣಿ ಬೇಸಿಗೆ ಹೋಯಿತು.

ಸುಡುವುದು ಬೇರೆ, ಉರಿಯಗೊಡದೆ ಸುಡುವುದು ಬೇರೆ.
ಎರಡನೆಯ ಸಲ ನೈಟ್ರೋಜನ್ನಿನ ಕಾವಲು ಹಾಕಿದಳು.
ಐನೂರು ಡಿಗ್ರಿಯಲ್ಲಿ ನೀರು, ಡಾಂಬರು, ಹೊಗೆ, ವಾಸನೆ
ಒಂದೊಂದೇ ಎದ್ದು ಹೊರಟವು,
ಮದುವೆ ಮುಗಿದ ಮನೆಯಿಂದ ನೆಂಟರು ಹೊರಟಂತೆ.
ಉಳಿದದ್ದಕ್ಕೆ ಮೂರು ಪಾಲು ಕ್ಷಾರ ಬೆರೆಸಿ
ಎಂಟುನೂರಕ್ಕೆ ಏರಿಸಿದಳು. ಕ್ಷಾರ ಒಳಗೊಳಗೇ ಕೊರೆಯಿತು
ಗೆದ್ದಲಿನ ಹಾಗೆ, ಗೆದ್ದಲಿಗಿಂತ ನಾಜೂಕಾಗಿ:
ಕೋಣೆಯೊಳಗೆ ಕೋಣೆ, ಓಣಿಯೊಳಗೆ ಓಣಿ,
ಬೆಳಕಿಗೂ ಹಿಡಿಸದಷ್ಟು ಕಿರಿದು.
ಆಮೇಲೆ ತೊಳೆತ. ಲಿಟ್ಮಸ್ ಸುಮ್ಮನಾಗುವವರೆಗೂ ತೊಳೆತ.
ಹದಿನಾಲ್ಕು ಸಲ.

ಇದ್ದಿಲು.
ಇದ್ದದ್ದೂ ಇಲ್ಲದ್ದೂ ಒಂದೇ ಪದದಲ್ಲಿ ಕೂತಂತೆ ಕೇಳುತ್ತದೆ ನನಗೆ;
ನಿಘಂಟು ಒಪ್ಪಲಿಕ್ಕಿಲ್ಲ.
ಸೆರ್ಪಿಲ್‌ಳ ಭಾಷೆಯಲ್ಲಿ ಅದು ಬರೀ ಕೊಮ್ಯುರ್.
ಆದರೆ ಅವಳ ವರದಿಯೂ ಹೇಳುವುದು ಇದನ್ನೇ:
ತೂಕ ಇದ್ದದ್ದಕ್ಕೆ,
ದುಡಿಯುವುದು ಇಲ್ಲದ್ದು.

ಬಟ್ಟೆ ನೀರು ಹೀರಿದಂತೆ ಹೀರುವುದಿಲ್ಲ ಅದು.
ಹಾದುಹೋಗುವವರ ಕೈ ಹಿಡಿದು ಜಗುಲಿಯಲ್ಲಿ ಕೂರಿಸುತ್ತದೆ.
ಮನೆಯೆಲ್ಲ ಜಗುಲಿಯೇ.
ಒಂದು ಗ್ರಾಮಿನ ಜಗುಲಿ ಬಿಚ್ಚಿ ಹಾಸಿದರೆ
ಸಾವಿರದ ನಲವತ್ತು ಚದರ ಮೀಟರು.

ಅಜ್ಜಿಗೆ ಮೀಟರು ತಿಳಿಯದು, ದೋನುಮ್ ತಿಳಿಯುತ್ತದೆ.
ಭೂಕಂಪದ ಮರುವರ್ಷ ಮಾರಿದ್ದು ಒಂದು ದೋನುಮ್,
ಹನ್ನೆರಡು ಮರ, ಬಾವಿಯ ಪಕ್ಕದ್ದು.
ಸೆರ್ಪಿಲ್ ಅವಳ ಅಂಗೈ ಬಿಡಿಸಿ
ಒಂದು ಚಿಟಿಕೆ ಕಪ್ಪು ಸುರಿದಳು:
"ತಗೋ, ಒಂದು ದೋನುಮ್. ಚಿಲ್ಲರೆ ನೀನೇ ಇಟ್ಟುಕೋ."
ಅಜ್ಜಿ ಮೂಗಿನ ಹತ್ತಿರ ತಂದು ನೋಡಿದಳು.
"ಕಳೆ ಕೀಳುವವರು ಯಾರು?"

ಕಂಟೇನರ್ ಕಾಲೊನಿಯ ನಲ್ಲಿಯಲ್ಲಿ ಆ ಬೇಸಿಗೆ
ಚಹಾ ಬಣ್ಣದ ನೀರು, ಕ್ಲೋರಿನ್ನಿನ ಘಾಟು.
ತೂತು ಕೊರೆದ ಆಲಿವ್ ಡಬ್ಬಿ, ತಳಕ್ಕೆ ಜಲ್ಲಿ,
ನಡುವೆ ಇದ್ದಿಲು, ಮೇಲೆ ಮರಳು.
ಮಕ್ಕಳು ನೋಡಲೆಂದು ಮೊದಲು ನೀಲಿ ಬಣ್ಣ ಸುರಿದಳು;
ಮೇಲಿಂದ ನೀಲಿ, ಕೆಳಗೆ ಬರೀ ನೀರು.
ಬರಾನ್ ಎಂಬ ಹುಡುಗ ಡಬ್ಬಿ ಅಲುಗಿಸಿದ:
"ನೀಲಿ ಎಲ್ಲಿ ಹೋಯಿತು?"
"ಕೂತಿದೆ."
"ಯಾವಾಗ ಏಳುತ್ತೆ?"
ಸೆರ್ಪಿಲ್ ಉತ್ತರಿಸಲಿಲ್ಲ. ಜಗುಲಿಗಳು ತುಂಬುತ್ತವೆ,
ಮೂರು ತಿಂಗಳಿಗೆ, ಕೆಲವೊಮ್ಮೆ ಎರಡಕ್ಕೇ.
ಕ್ರಿಮಿಗೆ ಇದು ಮದ್ದಲ್ಲ, ಕುದಿಸಿಯೇ ಕುಡಿಯಿರಿ
ಎಂದು ಡಬ್ಬಿಯ ಮೇಲೆ ದಪ್ಪಗೆ ಬರೆದಳು.

ಕುದಿಸಿ ಆರಿಸಿದ ಮೊದಲ ಲೋಟ ಅಜ್ಜಿಗೆ.
ಬಾಯಲ್ಲಿ ತಿರುಗಿಸಿ ನುಂಗಿದಳು.
"ಏನೂ ಇಲ್ಲ ಇದರಲ್ಲಿ."
ಪ್ರಯೋಗಾಲಯಕ್ಕೆ ಅದಕ್ಕಿಂತ ಒಳ್ಳೆಯ ಫಲಿತಾಂಶ ಸಿಗದು.
"ನಮ್ಮ ಬಾವಿಗೆ ಕಬ್ಬಿಣದ ರುಚಿಯಿತ್ತು," ಅಂದಳು,
"ಬೇರಿನ ರುಚಿಯಿತ್ತು. ಅದನ್ನೂ ಕೂರಿಸಿಬಿಟ್ಟಿತೇ ನಿನ್ನ ಇದ್ದಿಲು?"

ಇನ್ನೊಂದು ಲೋಟ ಕೇಳಿದಳು.
ಆಮೇಲೆ ಮಡಿಲಿನಿಂದ ಕಹಿ ತಿರುಳೊಂದನ್ನು ಆಯ್ದು
ಕಚ್ಚಿದಳು.